ಸೇತುವೆಗಳು ಬಿದ್ದ ಮೇಲೆ ಯಾವ ರೂಲ್‌ಬುಕ್

ಆಗಸ್ಟ್ 18, ಸೋಮವಾರ. ಮಧ್ಯಾಹ್ನ 1.15, ಲೈಬ್ರರಿ

ಪುಟ 212. ಮೊಣಕಾಲಿಗೆ ಗುಂಡು ತಗುಲಿದವನು ಎಷ್ಟು ನಿಧಾನವಾಗಿ ಓಡಬೇಕು ಅನ್ನುವ ಟೇಬಲ್. 412 ಪುಟಗಳಲ್ಲಿ ಇಂಥ ಟೇಬಲ್ ಅರವತ್ತೆಂಟು. ಎಣಿಸಿದೆ. ಎಣಿಸುವಾಗ ಬೇರೆ ಯೋಚನೆ ಬರುವುದಿಲ್ಲ.

ಊಟದ ಡಬ್ಬಿ ಇಲ್ಲೇ ತೆರೆದೆ. ತಿನ್ನಬಾರದು ಅಂತ ಬೋರ್ಡ್ ಇದೆ. ಕ್ಯಾಂಟೀನಿನಲ್ಲಿ ಒಬ್ಬಳೇ ಕೂರುವುದಕ್ಕಿಂತ ವಾಸಿ. ಕಾಲೇಜು ಶುರುವಾಗಿ ಐದು ವಾರ.

ಆಟ ನಡೆಸಲು ಎರಡು ಸಿಸ್ಟಮ್, ಅಂದರೆ ಎರಡು ರೂಲ್‌ಬುಕ್, ಉಳಿದಿವೆ. ಒಂದು ಈ ದಪ್ಪದ್ದು — ಪ್ರಳಯದ ನಂತರದ ಬದುಕಿಗೆ ಪ್ರತಿಯೊಂದಕ್ಕೂ ನಿಯಮ. ಇನ್ನೊಂದು ಹನ್ನೆರಡೇ ಪುಟ, ಪ್ರಿಂಟ್ ಹೊಡೆಸಿ ಸ್ಟೇಪಲ್ ಮಾಡಿದ್ದು. ಅದರಲ್ಲಿ ಟೇಬಲ್ಲೇ ಇಲ್ಲ. ಗೊತ್ತಿಲ್ಲದಿದ್ದರೆ ಆಟಗಾರರನ್ನು ಕೇಳಿ ಅಂತ ನಾಲ್ಕು ಕಡೆ ಬರೆದಿದೆ. ಓದಿದರೇ ಬೆವರು.

ಆಡುವವರು: ಸೊನ್ನೆ.

ಆಗಸ್ಟ್ 20, ಬುಧವಾರ

ಹಿಂದಿನ ಬೆಂಚಿನ ಕೀರ್ತನ್ ಪುಸ್ತಕ ನೋಡಿಬಿಟ್ಟ. ತೆಕ್ಕಟ್ಟೆಯವನು. ಜೋರು ಬಾಯಿ.

"ಇದೆಂತ ಮಾರಾಯ್ತಿ, ಎಂಟ್ರನ್ಸ್ ಪರೀಕ್ಷೆದಾ?"

"ಗೇಮ್."

"ಬೋರ್ಡ್ ಎಲ್ಲಿತ್ತ್?"

ಬೋರ್ಡ್ ಇಲ್ಲ, ಮಾತೇ ಆಟ ಅಂದೆ. ಲೋಕ ಮುಗಿದಿದೆ, ಉಳಿದವರು ನೀವು. ಎದುರಿಗೆ ಏನಿದೆ ಅಂತ ನಾನು ಹೇಳುತ್ತೇನೆ, ಏನು ಮಾಡುತ್ತೀರಿ ಅಂತ ನೀವು ಹೇಳಬೇಕು, ಆಗುತ್ತೋ ಇಲ್ಲವೋ ಅನ್ನುವುದಕ್ಕೆ ದಾಳ. ಐದು ವಾರದಲ್ಲಿ ನಾನು ಇಷ್ಟುದ್ದ ಮಾತಾಡಿದ್ದು ಇದೇ ಮೊದಲು.

ಪಕ್ಕದ ಪ್ರೇಕ್ಷಾ ತಿರುಗಿದಳು. ಕೋಟದವಳು, ದಿನಾ ಬಸ್ಸಿನಲ್ಲಿ ಬರುತ್ತಾಳೆ. "ನಮ್ಮೂರಲ್ಲೇ ಲೋಕ ಮುಗಿದ್ರೆ ಆತಿಲ್ಯಾ?"

ಆಗುತ್ತದೆ ಅಂದೆ.

"ನೀ ಮೊದ್ಲ್ ನಡ್ಸಿದ್ಯಾ ಇದನ್?"

"ಎರಡು ವರ್ಷ. ಹಾಸ್ಟೆಲಲ್ಲಿ."

ಸುಳ್ಳು. ಹಾಸ್ಟೆಲಲ್ಲಿ ನಾನು ಲಾಗ್ ಬರೆಯುವವಳು, ಬೇರೆಯವರ ಆಟದಲ್ಲಿ ಏನೇನಾಯಿತು ಅಂತ. ನಡೆಸಿದ್ದು ಒಂದೇ ಸಲ, ಒಂಬತ್ತನೇ ಕ್ಲಾಸಲ್ಲಿ. ನಲವತ್ತು ನಿಮಿಷ. ಆಮೇಲೆ ಒಬ್ಬೊಬ್ಬರೇ ಎದ್ದು ಹೋದರು. ಯಾರೂ ಬೈಯಲಿಲ್ಲ. ಹೋದರು, ಅಷ್ಟೆ.

ಆದಿತ್ಯವಾರ, ಪ್ರೇಕ್ಷಾ ಮನೆ. ದಪ್ಪದ್ದೇ ಫೈನಲ್. ಟೇಬಲ್ ಇದ್ದರೆ ತಪ್ಪು ಪುಸ್ತಕದ್ದು, ನನ್ನದಲ್ಲ.

ಆಗಸ್ಟ್ 23, ಶನಿವಾರ. ಬೆಳಿಗ್ಗೆ 6.30

ಆಟದ ಲೋಕದ ಮ್ಯಾಪ್ ಮುಗಿಯಿತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಹೈವೇ ಸೇತುವೆಗಳೆಲ್ಲ ಬಿದ್ದಿವೆ. ಸೇತುವೆ ಅಳಿಸಿದರೆ ಕರಾವಳಿ ತುಂಡು ತುಂಡು — ಬೈಂದೂರು ಒಂದು ದೇಶ, ಕುಂದಾಪುರ ಒಂದು, ಬ್ರಹ್ಮಾವರ ಒಂದು. ಚೆನ್ನಾಗಿದೆ. ನಾನೇ ಯೋಚಿಸಿದ್ದು ಅಂತ ನಂಬಿಕೆ ಬರಲಿಲ್ಲ.

ಕಾಲ: ಏಪ್ರಿಲ್. ಉಳಿದವರ ಕ್ಯಾಂಪ್ ಕುಂದಾಪುರದಲ್ಲಿ ಹೊಳೆ ಸಮುದ್ರ ಸೇರುವ ಕಡೆ. ಪುಟ 97: ನದಿ ದಂಡೆಯಲ್ಲಿ ಕುಡಿಯುವ ನೀರಿಗೆ ಮಿತಿಯಿಲ್ಲ.

ಆಗಸ್ಟ್ 24, ಆದಿತ್ಯವಾರ. ಸಂಜೆ 7, ಪಿಜಿ

ಪಾತ್ರ ತಯಾರಿಸಲಿಕ್ಕೇ ಎರಡೂಕಾಲು ಗಂಟೆ. ಕೀರ್ತನ್‌ನ ಪಾತ್ರದ ಎಡ ಮೊಣಕೈಗೆ ಎಷ್ಟು ಪಾಯಿಂಟ್ ಅಂತ ಹುಡುಕುವಷ್ಟರಲ್ಲಿ ಎರಡು ಸಲ ಚಾ ಆಯಿತು.

ಆಮೇಲೆ ಕ್ಯಾಂಪ್. ಹೊಳೆ ಇದೆ, ಬಾಯಾರಿಕೆಗೆ ದಾಳ ಹಾಕುವುದು ಬೇಡ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಬಾಗಿಲಲ್ಲಿ ಪ್ರೇಕ್ಷಾಳ ಅಮ್ಮ, ಮೂರನೇ ಚಾ ಹಿಡಿದು.

"ಏಪ್ರಿಲ್ ತಿಂಗ್ಳಲ್ ಆ ಹೊಳಿ ನೀರ್ ಕುಡುಕ್ ಆತ್ತಾ ಮಗಾ? ಬರೀ ಉಪ್ಪ್! ದನ ಸೈತ ಮೂಸುದಿಲ್ಲೆ."

"ಇವ್ಳ್ ಲೋಕದಲ್ ಜನ ಸತ್ತದ್ ಬಾಂಬಿಗಲ್ಲ ಆಂಟಿ, ಭೇದಿಗೆ," ಅಂದ ಕೀರ್ತನ್.

ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹೈವೇಯಲ್ಲಿ ಒಬ್ಬ ಅಪರಿಚಿತನನ್ನು ತಂದೆ. ಟೇಬಲ್ ಪ್ರಕಾರ ನೂರರವರೆಗೆ ಬರುವ ದಾಳ ಹಾಕಿದೆ. 81. ಶತ್ರು. ಬಂದೂಕು ಎತ್ತಿದ ಅಂದೆ.

ಕೀರ್ತನ್ ಆ ಶತ್ರುವನ್ನೇ ಕೇಳಿದ: "ಹ್ವಾಯ್, ನಿಮ್ಮ್ ಮನಿ ಎಲ್ಲಾಯ್ತ್ ಮಾರ್ರೆ?"

"ಅವನು ಎನಿಮಿ. ಮಾತಾಡೋಲ್ಲ."

"ಎನಿಮಿಗೆ ಮನಿ ಇಲ್ಯಾ? ಹಟ್ಟಿಯಂಗಡಿ ಬದಿಯವ್ನಾದ್ರೆ ನಮ್ಮ್ ಮಾವಂಗೆ ಗುರ್ತ ಇರತ್ತ್."

ಹುಡುಕಿದೆ. ಗುಂಡು ಹಾರಿಸುವುದಕ್ಕೆ ಹದಿನಾಲ್ಕು ಪುಟ, ಮನೆ ಎಲ್ಲಿ ಅಂತ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಪುಟ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಪ್ರೇಕ್ಷಾ ಮೊಬೈಲ್ ತೆಗೆದಳು.

"ನೀ ಎರ್ಡ್ ವರ್ಷ ನಡ್ಸಿದ್ದಲ್ದಾ? ಹಾಸ್ಟೆಲಲ್ ಇಂಥದ್ದಕ್ಕೆ ಎಂತ ಮಾಡ್ತಿದ್ದೆ?"

ಎರಡನೇ ಸುಳ್ಳು ರೆಡಿ ಇತ್ತು. ಬಾಯಿಗೆ ಬರಲಿಲ್ಲ. ನಡೆಸಿಲ್ಲ ಅಂದೆ. ಒಂದೇ ಸಲ, ಎಲ್ಲರೂ ಎದ್ದು ಹೋದರು ಅಂದೆ.

"ಇದ್ರಲ್ ಸುಳ್ ಹೇಳುಕೆ ಎಂತ ಇತ್ತ್? ನಾವೆಂತ ಇಂಟರ್‌ವ್ಯೂ ಮಾಡ್ತಿದ್ವಾ?" ಅಂದಳು ಪ್ರೇಕ್ಷಾ.

5.40ರ ಬಸ್ಸಿಗೆ ಬಂದೆ. ದಾಳಗಳು ಅಲ್ಲೇ ಉಳಿದವು. ಕೇಳಲು ಹೋಗುವುದಿಲ್ಲ.

ಆಗಸ್ಟ್ 29

ಲೈಬ್ರರಿ. ಬೀನ್ಸ್ ಪಲ್ಯ.

ಸೆಪ್ಟೆಂಬರ್ 3

ಅದೇ. ಅಲಸಂಡೆ.

ಸೆಪ್ಟೆಂಬರ್ 9, ಮಂಗಳವಾರ

ಬಸ್ ಸ್ಟಾಪಿನಲ್ಲಿ ಕೀರ್ತನ್. ಓಡಿ ಹೋಗಲು ಜಾಗ ಇರಲಿಲ್ಲ.

"ಹ್ವಾಯ್ ಅನ್ವಿತಾ! ಆ ಎನಿಮಿ ಇನ್ನೂ ಹೈವೇಲಿ ಬಂದೂಕ್ ಎತ್ಕಂಡೇ ನಿಂತಿದ್ನಾ? ಕೈ ನೋವಾತಿಲ್ಯಾ ಅವಂಗೆ?"

ಪ್ರೇಕ್ಷಾಗೆ ಸಿಟ್ಟಿದೆಯಲ್ಲ ಅಂದೆ.

"ಇತ್ತ್. ನಿನ್ ಮೇಲೆ. ಆಟದ್ ಮೇಲಲ್ಲ." ನನ್ನ ಬ್ಯಾಗಿನ ಕಡೆ ಕೈ ತೋರಿಸಿ, "ಬೇರೆ ಪುಸ್ತಕ ಇಲ್ಯಾ ನಿನ್ನತ್ರ? ತೂಕ ಕಡಿಮಿದ್?"

ಬ್ಯಾಗಿನಲ್ಲೇ ಇತ್ತು. ಹನ್ನೆರಡು ಪುಟ ನಿಂತಲ್ಲೇ ಓದಿದ. ತೆಕ್ಕಟ್ಟೆ ಬಸ್ಸು ಒಂದು ಬಿಟ್ಟ.

"ಇದ್ರಲ್ ಎಲ್ಲ ನಮ್ಮತ್ರವೇ ಕೇಂಬುದಲ್ದಾ."

"ಅದೇ ಭಯ."

"ಯಾರಿಗೆ?"

ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು. ಪುಸ್ತಕ ತೆಗೆದುಕೊಂಡೇ ಹತ್ತಿದ.

ಸೆಪ್ಟೆಂಬರ್ 11, ಗುರುವಾರ. ಬೆಳಿಗ್ಗೆ

ಪ್ರೇಕ್ಷಾ ಮೆಸೇಜ್. "ಆದಿತ್ಯವಾರ 3 ಗಂಟಿ. ದೊಡ್ಡ ಪುಸ್ತಕ ತಂದ್ರೆ ಒಳಗೆ ಬಿಡುದಿಲ್ಲೆ." ಸ್ಮೈಲಿ ಇಲ್ಲ. ಏಳು ಸಲ ಓದಿದೆ. ಸಿಟ್ಟು ಇದೆಯೋ ಹೋಯಿತೋ ತಿಳಿಯಲಿಲ್ಲ.

ದಪ್ಪದ್ದರ ಹಿಂದೆ ಅಡಗಬಹುದು. ಸಣ್ಣದ್ದರ ಹಿಂದೆ ಮುಖವೂ ಮುಚ್ಚುವುದಿಲ್ಲ.

ಸಣ್ಣದ್ದು.

ಸೆಪ್ಟೆಂಬರ್ 14, ಆದಿತ್ಯವಾರ. 4.25, ಪ್ರೇಕ್ಷಾ ಮನೆ, ಮಧ್ಯೆ ಚಾ

ಇಪ್ಪತ್ತು ನಿಮಿಷದಲ್ಲಿ ಶುರುವಾಯಿತು. ಪಾತ್ರ ಅಂದರೆ ಹೆಸರು, ಒಂದು ಕೆಲಸ, ಒಂದು ಕೊರತೆ. ಮೊದಲನೇ ನಿಯಮ: ಯಾವ ಊರಿನ ಮಾತು ಬಂತೋ ಆ ಊರಿನವರು ಹೇಳಬೇಕು, ಅಲ್ಲಿ ಏನು ಉಳಿದಿದೆ ಅಂತ.

ಕೋಟ: ಶಾಲೆಯ ಬಿಸಿಯೂಟದ ಪಾತ್ರೆಗಳು, ಸಿಹಿನೀರಿನ ಬಾವಿ ಎರಡು, ಹಪ್ಪಳ. "ಹಪ್ಪಳ ಎಷ್ಟ್ ದಿನಕ್ಕ್?" ಅಂತ ಕೀರ್ತನ್. "ನೀ ಬಪ್ಪಲ್ಲಿವರಿಗೆ," ಅಂತ ಪ್ರೇಕ್ಷಾ. ತೆಕ್ಕಟ್ಟೆ: ಒಣಮೀನು, ಸೈಕಲ್ ರಿಪೇರಿಯವನು, ಒಂದು ಲೈಫ್ ಜಾಕೆಟ್. ನಾನು ಬರೆದುಕೊಂಡೆ, ಕೇಳಿದೆ, ಬರೆದುಕೊಂಡೆ.

ಆಗ ಪ್ರೇಕ್ಷಾ: "ಬೈಂದೂರ್ ಬದಿಗೆ ಎಂತ ಉಳ್ದಿತ್? ಅದ್ ನೀ ಹೇಳ್ಕ್. ನಿನ್ನೂರಲ್ದಾ."

ಐದನೇ ಕ್ಲಾಸಿನಿಂದ ಹಾಸ್ಟೆಲ್. ಬೈಂದೂರು ಅಂದರೆ ಸ್ಟೇಷನ್ನಿನಿಂದ ಮನೆಗೆ ಆಟೋ, ಹತ್ತು ದಿನ, ಮತ್ತೆ ಸ್ಟೇಷನ್. ಯಾರ ಬಾವಿ ಸಿಹಿ, ಯಾರ ಹತ್ತಿರ ಸೈಕಲ್ — ಒಂದೂ ಗೊತ್ತಿಲ್ಲ. ಏನಾದರೂ ಕಟ್ಟಿ ಹೇಳಬಹುದಿತ್ತು. ಆಟವೇ ಅದಲ್ಲವಾ. ಹೇಳಲಿಲ್ಲ.

"ಗೊತ್ತಿಲ್ಲ. ನಿಜವಾಗಿ."

ಪ್ರೇಕ್ಷಾ ನನ್ನ ಮುಖ ನೋಡಿದಳು. ಪೆನ್ಸಿಲ್ ತೆಗೆದುಕೊಂಡು ಅದರ ರಬ್ಬರ್ ತುದಿಯಿಂದ ಮ್ಯಾಪಿನಲ್ಲಿ ಹೊಳೆಯ ಆಚೆ, ಬೈಂದೂರು ಬದಿಗೆ ನಾನು ಬರೆದಿದ್ದನ್ನೆಲ್ಲ ಅಳಿಸಿದಳು. ಬಿಳಿ.

"ಗೊತ್ತಿಲ್ದಿದ್ರೆ ಕಾಂಬುಕ್ ಹೋಪ," ಅಂದ ಕೀರ್ತನ್. ಹೊಳೆ ದಾಟಿ ನೋಡಿಕೊಂಡು ಬರುವುದು.

"ದೋಣಿ ನಿನ್ನಜ್ಜ ಕೊಡ್ತ್ನಾ?" ಅಂತ ಪ್ರೇಕ್ಷಾ.

ಈಗ ಅದೇ ಜಗಳ. ದೋಣಿ ಯಾರದ್ದು, ಹುಟ್ಟು ಹಾಕಲು ಬರುವುದು ಯಾರಿಗೆ, ಹಪ್ಪಳ ಒದ್ದೆಯಾದರೆ ಏನು. ದಾಟಲು ಎರಡು ದಾಳ ಕೂಡಿಸಿ ಎಂಟಾದರೂ ಬರಬೇಕು. ನನ್ನೂರಾದ್ದರಿಂದ ದಾಳ ನಾನೇ ಹಾಕಬೇಕಂತೆ. ಬಾರದಿದ್ದರೆ ಏನು ಅಂತ ಪುಸ್ತಕದಲ್ಲಿಲ್ಲ, ನಾವೇ ಹೇಳಬೇಕು. ಕರೆಯುತ್ತಿದ್ದಾರೆ. ಪ್ರೇಕ್ಷಾ ದಾಳ ತಂದು ಈ ಪುಟದ ಮೇಲೇ ಇಟ್ಟಳು, ಬರೆಯಲು ಜಾಗ