ನಾಲ್ಕನೆಯ ಬೋಲ್ಟಿನ ಹಳದಿ ಗೆರೆ

ಫೆಬ್ರವರಿ ಮೂವತ್ತು, ೨೧೮೭
ಗದಗಿನ ಮೂಡಣ ಬಯಲು, ಮುಚ್ಚುಹೊತ್ತು

ಪೂಜ್ಯ ವಿರೂಪಾಕ್ಷಪ್ಪ ಹೊಂಬಳ ಅವರಿಗೆ, ನಿಮ್ಮ ಆರನೆಯ ತಲೆಮಾರಿನ ಸಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರದೋ ಚೇಷ್ಟೆ ಎಂದು ಕಾಗದವನ್ನು ಎಸೆದುಬಿಡಬೇಡಿ. ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ನಡುವೆ ನಿಮಗೆ ತಿಳಿಯದ ಮಾತುಗಳೂ ಬಂದಾವು, ಹೊಟ್ಟೆಗೆ ಹಾಕಿಕೊಳ್ಳಿ. ಹೀಗೆ ಹಿಂದಿನವರಿಗೆ ಬರೆಯುವ ಪತ್ರಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ಅದು ತಲುಪುತ್ತದೆಯೋ ಇಲ್ಲವೋ, ಯಾರೂ ಬಂದು ಹೇಳಿದ್ದಿಲ್ಲ. ಆದರೂ ದಿಕ್ಕು ತೋಚದವರು ಬರೆಯುತ್ತಾರೆ. ನನಗೆ ಈಗ ದಿಕ್ಕು ತೋಚುತ್ತಿಲ್ಲ. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಅದಕ್ಕೇ.

ನಾನು ಕೂತಿರುವುದು ನಿಮ್ಮ ಕಾರಿನ ಕೆಳಗೆ, ಗುಂಡಿಯಲ್ಲಿ. ಹೌದು, ನೀವು ಈಗ ಶೆಡ್ಡಿನಲ್ಲಿ ಬಿಚ್ಚಿ ಹರವಿಕೊಂಡಿರುವ ಅದೇ ಹಳೆಯ ಸೆಡಾನ್. ಅದರ ಕಥೆ ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ನೇರ ರಸ್ತೆಯಲ್ಲಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಜಿಗಿಯಬೇಕೆಂದು ನೀವು ಎಂಜಿನ್ನಿಗೆ ಗಾಳಿ ಒತ್ತುವ ದೊಡ್ಡ ಟರ್ಬೊ ಕೂರಿಸಿದ್ದು, ಸೈಲೆನ್ಸರ್ ಕೊಳವೆ ಅಗಲ ಮಾಡಿಸಿದ್ದು, ಭಾರ ಇಳಿಸಲು ಏಸಿ, ಸ್ಟೆಪ್ನಿ, ನೆಲದ ಹಾಸು ಎಲ್ಲ ಕಿತ್ತು ಒಗೆದದ್ದು ನಮಗೆ ಗೊತ್ತು. ಹಿಂದಿನ ಸೀಟನ್ನು ಹೊರಗೆ ತಂದಿಟ್ಟಾಗ ನಿಮ್ಮ ಹೆಂಡತಿ ಕಸ್ತೂರೆವ್ವ, “ಹಿಂದಿನ ಸೀಟೂ ಕಿತ್ತೀರಿ, ಇನ್ನ ಮಕ್ಕಳನ್ನ ಡಿಕ್ಕ್ಯಾಗ ಕುಂದ್ರಸ್ತೀರೇನು?” ಎಂದು ಕೇಳಿದ್ದೂ ಗೊತ್ತು. ಆ ಮಾತಿಗೆ ನಾವು ಇವತ್ತಿಗೂ ನಗುತ್ತೇವೆ.

ನಮ್ಮಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ಇರುವುದೆಲ್ಲ ಸರಪಳಿಗಾಡಿ, ಒಂದರ ಹಿಂದೊಂದು, ತಮ್ಮಷ್ಟಕ್ಕೆ ತಾವು, ಸದ್ದಿಲ್ಲದೆ, ಎಲ್ಲವೂ ಒಂದೇ ಮಂದಗತಿಯಲ್ಲಿ ಸಾಗುತ್ತವೆ. ಹತ್ತಿ ಕೂತರೆ ನಿದ್ದೆ ಬರುತ್ತದೆ. ವೇಗ ಏರುವಾಗ ಸೀಟು ಬೆನ್ನಿಗೆ ಒತ್ತುವುದಿದೆಯಲ್ಲ, ಅದಕ್ಕೆ ನಾವು ಬೆನ್ನೊತ್ತು ಎಂದು ಹೆಸರಿಟ್ಟಿದ್ದೇವೆ, ಆದರೆ ಅದನ್ನು ಅನುಭವಿಸಿದವರು ಊರಿಗೆ ಇಬ್ಬರೋ ಮೂವರೋ. ಸ್ವಂತ ಕೈಯಿಂದ ಗಾಡಿ ನಡೆಸುವ ಅನುಮತಿಗೆ ಕೈಹಕ್ಕು ಎನ್ನುತ್ತಾರೆ. ಅದು ಬೇಕಾದವರು ಮನೆತನದ ಹಳೆಯ ಗಾಡಿಯನ್ನು ಪಾಳುಬಿದ್ದ ಹೆದ್ದಾರಿಯ ನೇರ ತುಂಡಿನಲ್ಲಿ ಓಡಿಸಿ, ಆ ಗಾಡಿ ಕಟ್ಟಿದ ಹಿರಿಯರಿಗಿಂತ ಬೇಗ ಕೊನೆ ಮುಟ್ಟಬೇಕು. ಜೋಳದ ದಂಟಿನಿಂದ ಇಳಿಸಿದ ಸ್ಪಿರಿಟ್ಟೇ ಇಂಧನ. ಓಟದ ಹಿಂದಿನ ದಿನ ಬೀದಿಯವರೆಲ್ಲ ಬಗ್ಗಿ ಆ ರಸ್ತೆಯ ಕಲ್ಲು ಹರಳು ಹೆಕ್ಕುತ್ತಾರೆ. ನಿನ್ನೆ ನಾನೂ ಹೆಕ್ಕಿದೆ, ಸೊಂಟ ಇನ್ನೂ ಹಿಡಿದುಕೊಂಡಿದೆ.

ಇವತ್ತು ಹೊತ್ತು ಇಳಿದ ಮೇಲೆ ಓಡಿಸುವವಳು ನನ್ನ ಮಗಳು ನಿಂಬವ್ವ. ನನಗಿರುವವಳು ಅವಳೊಬ್ಬಳೇ. ಸರಪಳಿ ಹೋಗದ ಕಡೆಗೆಲ್ಲ ತಾನು ಹೋಗಿ ನೋಡಬೇಕು ಎಂಬ ಹುಚ್ಚು ಅವಳಿಗೆ ನಡೆಯಲು ಕಲಿತಾಗಿನಿಂದ ಇದೆ. ವರ್ಷವಿಡೀ ಕಾರಿಗೆ ಅಂಟಿಕೊಂಡೇ ಇದ್ದಳು. ಟರ್ಬೊ ಒತ್ತಡವನ್ನು ನಿಮಗಿಂತ ಮೇಲಕ್ಕೆ ಏರಿಸಿದ್ದಾಳೆ. ಬಾಗಿಲಿನ ಗಾಜು ತೆಗೆದಿದ್ದಾಳೆ. ಹಿಂದಿನ ಗಾಲಿಗಳಿಗೆ ತಾನೇ ಅಚ್ಚು ಮಾಡಿ ಅಗಲವಾದ ಮೆತ್ತನೆಯ ಟೈರು ಎರೆದಿದ್ದಾಳೆ. ಅವಳನ್ನು ನೋಡಿ ನನಗೆ ಹೆಮ್ಮೆಯಾಗುತ್ತದೆ, ಸುಳ್ಳೇಕೆ ಹೇಳಲಿ. ಕಾರಿನಲ್ಲಿ ಅವಳು ಕೈಯಾಡಿಸದ ಜಾಗವೇ ಇಲ್ಲ, ಒಂದನ್ನು ಬಿಟ್ಟು: ನೀವು ಹಳದಿ ಗೆರೆ ಎಳೆದ ಬೋಲ್ಟುಗಳು.

ಆ ಗೆರೆಯ ವಿಷಯಕ್ಕೇ ಬರೆಯುತ್ತಿದ್ದೇನೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಉಕ್ಕಿನ ಶಾಫ್ಟ್, ಅದರ ಮುಂತುದಿಯ ಬಿಲ್ಲೆಯನ್ನು ಹಿಡಿದಿರುವ ನಾಲ್ಕು ಬೋಲ್ಟು. ಪ್ರತಿಯೊಂದರ ತಲೆಯಿಂದ ಬಿಲ್ಲೆಯವರೆಗೆ ನೀವು ಒಂದೊಂದು ಹಳದಿ ಗೆರೆ ಎಳೆದಿರಿ. ಅದು ಏಕೆಂದು ನಮಗೆ ಯಾರೂ ಹೇಳಲಿಲ್ಲ. ಹಿರಿಯರ ಗುರುತು, ಮುಟ್ಟಬಾರದು ಎಂದಷ್ಟೇ ಉಳಿಯಿತು. ಹೀಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಓಟದ ದಿನ ಬೆಳಿಗ್ಗೆ, ಓಡಿಸುವವರು ಸ್ನಾನ ಮಾಡಿ ಗುಂಡಿಗಿಳಿದು, ಬೋಲ್ಟಿನ ತಲೆಗೆ ಕರಿಬಣ್ಣ ಹಚ್ಚಿ, ಅದು ಆರಿದ ಮೇಲೆ ಬಿಲ್ಲೆಯ ಮೇಲಿನ ಗೆರೆಯ ನೇರಕ್ಕೆ ಹೊಸದಾಗಿ ಹಳದಿ ಗೆರೆ ಎಳೆಯಬೇಕು. ನೀವು ಬೋಲ್ಟು ಬಿಗಿಯುತ್ತಿದ್ದ ಪಾನಾ ಗೋಡೆಯ ಮೇಲಿದೆ. ಆಯುಧಪೂಜೆಗೆ ಹೂ ಏರಿಸುತ್ತೇವೆ, ಆ ಪಾನಾವನ್ನು ಬೋಲ್ಟಿಗೆ ಮಾತ್ರ ಎಂದೂ ಹಾಕಿಲ್ಲ.

ಇವತ್ತು ಬೆಳಿಗ್ಗೆ ನಿಂಬವ್ವ ನಾಲಗೆ ಕಚ್ಚಿಕೊಂಡು ಗೆರೆ ಎಳೆಯುತ್ತಿದ್ದಳು, ನಾನು ದೀಪ ಹಿಡಿದಿದ್ದೆ. ಎಳೆದು ಮುಗಿಸಿ ಅವಳು ಮೇಲೆ ಹೋದಳು. ನಾನು ಇಳಿದ ಬಣ್ಣ ಒರೆಸುತ್ತಿದ್ದಾಗ ಒಂದು ಬೋಲ್ಟಿನ ತಲೆಯಿಂದ ಬಣ್ಣದ ದಪ್ಪ ಹಕ್ಕಳೆ ಕಳಚಿ ಅಂಗೈಗೆ ಬಿತ್ತು. ಅಡಿಯಲ್ಲಿ ಪದರಕ್ಕೊಂದರಂತೆ ಹಳೆಯ ಗೆರೆಗಳಿದ್ದವು. ಬಿಲ್ಲೆಯ ಮೇಲೆ ಗೆರೆ ಒಂದೇ ಕಡೆ. ಬೋಲ್ಟಿನ ತಲೆಯ ಮೇಲೆ ಮಾತ್ರ ಬೆರಳು ಬಿಡಿಸಿದ ಅಂಗೈ ಹಾಗೆ ಬೇರೆ ಬೇರೆ ಕಡೆ ಗೆರೆ, ಪ್ರತಿ ತಲೆಮಾರಿಗೆ ಒಂದು, ಹಳೆಯದು ಎಲ್ಲಕ್ಕಿಂತ ದೂರ. ಬೋಲ್ಟು ತಿರುಗಿದೆ. ಅರ್ಧ ಬೋಲ್ಟಿಗೂ ಅರ್ಧ ಬಿಲ್ಲೆಗೂ ನೀವು ಗೆರೆ ಎಳೆದದ್ದು ಅಲಂಕಾರಕ್ಕಲ್ಲ. ಸಡಿಲಾದರೆ ಗೆರೆ ಮುರಿದು ಕಾಣಲಿ ಎಂದು. ಅಯ್ಯೋ ದೇವರೇ, ಅದು ಮುರಿದಾಗಲೆಲ್ಲ ನಾವು ಭಕ್ತಿಯಿಂದ ಕೂಡಿಸಿದೆವು.

ಇನ್ನೊಂದು ಹೇಳಬೇಕು. ಹಿಂದಿನ ಸಲ ನನ್ನ ಅಣ್ಣ ಓಡಿಸಿದಾಗ ಕಾರಿನಡಿ ಟಕ್ ಟಕ್ ಎಂದು ಸದ್ದು ಬಂದಿತ್ತು. ಅದಕ್ಕೂ ನಮ್ಮಲ್ಲಿ ಹೆಸರಿದೆ, ಅಜ್ಜನ ತಾಳ. ನೀವೇ ಬಂದು ತಾಳ ಹಾಕುತ್ತಿದ್ದೀರೆಂದು ದಾರಿಯ ಬದಿ ನಿಂತವರೆಲ್ಲ ಕೈಮುಗಿದರು. ನಿಂಬವ್ವ ಏರಿಸಿರುವ ಒತ್ತಡಕ್ಕೆ ಆ ಶಾಫ್ಟ್ ಮುಂತುದಿಯಲ್ಲಿ ಕಳಚಿದರೆ ನೆಲಕ್ಕೆ ನಾಟುತ್ತದೆ, ಕಾರು ಅದರ ಮೇಲೆ ಎದ್ದು ಮಗುಚುತ್ತದೆ. ಕಣ್ಣು ಮುಚ್ಚಿದರೆ ಅದೇ ಕಾಣುತ್ತಿದೆ ನನಗೆ.

ದೊಡ್ಡಪ್ಪ ಫಕೀರಪ್ಪನ ಹತ್ತಿರ ಓಡಿದೆ. ಕಾರು ಕಾಯುವ ಹಿರಿಯ ಅವರೇ. ಹಕ್ಕಳೆ ತೋರಿಸಿದರೆ ಅದನ್ನು ಕಣ್ಣಿಗೊತ್ತಿಕೊಂಡರು. “ಅಜ್ಜ ಬಿಗದಾನ, ಗೆರಿ ಎಳದಾನ, ಮುಗೀತು. ಗೆರಿ ಕೆಡಿಸಿದ್ರ ಓಟ ರದ್ದು, ಕೈಹಕ್ಕು ಇನ್ನೊಮ್ಮೆ ಕೇಳಾಕೂ ಬರೂದಿಲ್ಲ. ಹುಡುಗಿ ಬಾಳೆ ಹಾಳ್ಮಾಡಬ್ಯಾಡ, ಸಂಗವ್ವ” ಎಂದರು. ನಿಂಬವ್ವಳಿಗೆ ಹೇಳಿದೆ. “ಯವ್ವಾ, ನೀ ದಿನಾ ಒಂದ್ ತಗೀತಿ. ನಿನ್ನೆ ಗಾಳಿ ಭಾಳ ಐತಿ ಅಂದಿ, ಇವತ್ತ ಬೋಲ್ಟ್ ಅಂತಿ, ನಾಳೆ ರಸ್ತೇನ ಇಲ್ಲ ಅಂತಿ” ಎಂದು ನಕ್ಕು ನನ್ನ ಗಲ್ಲ ಹಿಂಡಿ ಹೋದಳು. ಹೆದರುವ ತಾಯಿಯ ಮಾತನ್ನು ಯಾರು ನಂಬುತ್ತಾರೆ ಹೇಳಿ. ಅವಳು ಮರ ಹತ್ತಿದರೂ ಹೆದರಿದವಳು ನಾನು.

ಈಗ ಮುಚ್ಚುಹೊತ್ತು. ನಡುಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿ ಮಲಗುವ ವೇಳೆ. ಗೋಡೆಯ ಮೇಲಿನ ಹೂ ತೆಗೆದಿಟ್ಟು ನಿಮ್ಮ ಪಾನಾ ಇಳಿಸಿಕೊಂಡು ಬಂದೆ. ಬಿಗಿಯುವುದೇನೋ ಬಿಗಿಯಬಹುದು, ಎಷ್ಟು ಬಿಗಿಯಲಿ? ಕಡಿಮೆಯಾದರೆ ಕಳಚುತ್ತದೆ. ಹೆಚ್ಚಾದರೆ ಇಷ್ಟು ಹಳೆಯ ಉಕ್ಕು ಕುತ್ತಿಗೆಯಲ್ಲಿ ತುಂಡಾಗುತ್ತದೆ. ಬಣ್ಣ ಕೆರೆದೆ. ಎಲ್ಲಕ್ಕೂ ಅಡಿಯಲ್ಲಿ, ಲೋಹಕ್ಕೆ ಅಂಟಿಕೊಂಡು, ನಿಮ್ಮ ಕೈಯ ಮೊದಲ ಗೆರೆ ಇತ್ತು. ತೆಳ್ಳಗೆ, ಸ್ವಲ್ಪ ಡೊಂಕು. ಅದು ಬಿಲ್ಲೆಯ ಗೆರೆಗೆ ಕೂಡುವವರೆಗೆ ತಿರುಗಿಸಿದೆ. ಒಂದು ಕೂಡಿತು. ಎರಡು. ಮೂರನೆಯದೂ ಕಿರ್ರೆಂದು ಬಂದು ಕೂಡಿತು. ವಿರೂಪಾಕ್ಷಪ್ಪನವರೇ, ಆಗ ನಾನು ಗುಂಡಿಯಲ್ಲಿ ಕೂತು ಅತ್ತುಬಿಟ್ಟೆ.

ನಾಲ್ಕನೆಯದರಲ್ಲಿ ನಿಮ್ಮ ಗೆರೆ ಇಲ್ಲ. ಗೇರುಪೆಟ್ಟಿಗೆಯ ಎಣ್ಣೆ ಜಿನುಗಿ ಕೆಳಪದರವೆಲ್ಲ ಕರಗಿ ಹೋಗಿದೆ. ಎಷ್ಟು ಕೆರೆದರೂ ಬರೀ ಕಪ್ಪು ಜಿಡ್ಡು. ಉಳಿದ ಮೂರರಷ್ಟೇ ತಿರುಗಿಸೋಣವೆಂದರೆ ಆ ಮೂರೂ ಒಂದೇ ಅಳತೆಗೆ ತಿರುಗಿಲ್ಲ. ಪಾನಾ ಹಾಕಿ ಹಿಡಿದು, ಧೈರ್ಯ ಸಾಲದೆ ಕೈಬಿಟ್ಟು, ಈ ಕಾಗದ ತೆಗೆದುಕೊಂಡೆ.

ಆದುದರಿಂದ ನನ್ನ ಬೇಡಿಕೆ ಇಷ್ಟೇ. ನೀವು ಇನ್ನೂ ಶೆಡ್ಡಿನಲ್ಲಿದ್ದೀರಿ. ಬೋಲ್ಟು ಬಿಗಿದು, ಕುಂಚ ಅದ್ದಿ, ಕೂತಿದ್ದೀರಿ. ಮೂರಕ್ಕೆ ಬಣ್ಣ ಸಾಕು. ನಾಲ್ಕನೆಯದಕ್ಕೆ, ಗೇರುಪೆಟ್ಟಿಗೆಯ ಎಣ್ಣೆ ಇಳಿಯುವ ಕಡೆ ಇರುವುದಕ್ಕೆ, ಬಣ್ಣವನ್ನು ನಂಬಬೇಡಿ. ಉಳಿ ತೆಗೆದುಕೊಳ್ಳಿ. ಬೋಲ್ಟಿನ ತಲೆಗೊಂದು, ಅದರ ಎದುರಿಗೆ ಬಿಲ್ಲೆಗೊಂದು, ಲೋಹದಲ್ಲೇ ಗೀರು ಹಾಕಿ. ಕಸ್ತೂರೆವ್ವ ಊಟಕ್ಕೆ ಕರೆಯುತ್ತಿದ್ದರೂ ಇದೊಂದು ಮುಗಿಸಿಯೇ ಏಳಿ. ನಿಮಗೆ ಎರಡು ಏಟಿನ ಕೆಲಸ.

ಸಂಜೆ, ನಾನು ಕೆರೆದ ಬಣ್ಣ ನೋಡಿ ದೊಡ್ಡಪ್ಪ ಓಟ ರದ್ದು ಮಾಡಿದರೆ ಮಾಡಲಿ. ಮಗಳು ಜನ್ಮವಿಡೀ ನನ್ನೊಡನೆ ಮಾತು ಬಿಟ್ಟರೆ ಬಿಡಲಿ, ಮಾತು ಬಿಡಲು ಅವಳು ಇರಬೇಕಲ್ಲ. ಆದರೆ ಓಟಕ್ಕೆ ಮುಂಚೆ ಗುಂಡಿಗೆ ದೀಪ ತಂದು ನೋಡುವ ಪದ್ಧತಿ ನಮ್ಮಲ್ಲಿಲ್ಲ. ಯಾರೂ ನೋಡದಿದ್ದರೆ ಅವಳು ಓಡಿಸಿಯೇ ತೀರುತ್ತಾಳೆ. ಮೇಲೆ ಬಾಗಿಲು ತೆರೆಯುವ ಸದ್ದು ಆಗುತ್ತಿದೆ. ಹಾಡಿಕೊಂಡು ಬರುತ್ತಿದ್ದಾಳೆ.

ಪತ್ರವನ್ನು ನಿಮ್ಮ ಸೀಟಿನ ಅಡಿ ಸಿಕ್ಕಿಸುತ್ತೇನೆ. ಆಮೇಲೆ ಸೆರಗಿನಿಂದ ಆ ಜಿಡ್ಡು ಒರೆಸಿ, ಬರಿಬೆರಳಿನಿಂದ ನಾಲ್ಕನೆಯ ಬೋಲ್ಟನ್ನು ಸುತ್ತಲೂ ತಡವುತ್ತೇನೆ. ಅಜ್ಜಾ, ಗೀರನ್ನು ಬೆರಳಿಗೆ ತಾಗುವ ಹಾಗೆ ಹಾಕಿರಿ.

ನಿಮ್ಮ
ಸಂಗವ್ವ