ಅಯ್ಯಣ್ಣ ಕಾಕಾನ ನಡಿಗೆ

ರಾಯಚೂರು
14 ಸೆಪ್ಟೆಂಬರ್ 2025

ಪ್ರೀತಿಯ ಭಾಗ್ಯಜ್ಯೋತಿ,

ಒಂದು ವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಬೇಡ. ಆದರೆ ಈ ಕಾಗದವನ್ನು ಹರಿಯುವ ಮುಂಚೆ ಒಮ್ಮೆ ಓದು. ದೇವದುರ್ಗದ ಹಾಸ್ಯ ಕಾರ್ಯಕ್ರಮದ ವಿಡಿಯೋ ನೀನಿರುವ ಮಾನ್ವಿಯವರೆಗೂ ಬಂದಿದೆಯಂತೆ. ಅದರಲ್ಲಿರುವುದು ಅರ್ಧ ಮಾತ್ರ.

ಹಗಲು ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವುದು, ಬಿಡುವಿನಲ್ಲಿ ನಗೆಬರಹ ಬರೆದು ವೇದಿಕೆಯಲ್ಲಿ ಆಡಿ ತೋರಿಸುವುದು. ಎರಡೂ ಒಂದಕ್ಕೊಂದು ತಾಗದಂತೆ ಇಷ್ಟು ವರ್ಷ ನೋಡಿಕೊಂಡಿದ್ದೆ. ಕಳೆದ ರವಿವಾರ ಅದು ಆಗಲಿಲ್ಲ.

ಮೊಣಕಾಲು ಮಡಚಲಾಗದ ಯಜಮಾನರೊಬ್ಬರ ಕಥೆ ಹೇಳಿದೆ. ಮದುವೆಯಲ್ಲಿ ಪಂಕ್ತಿಗೆ ಕೂರಲಾಗದೆ ನಿಂತೇ ಉಣ್ಣುತ್ತಾರೆ. "ಬಫೆ ಊಟ ಸಿಟಿಯವ್ರು ಕಂಡುಹಿಡದದ್ದಲ್ರೀ, ನಮ್ಮ ಅರಕೇರಾ ಕಡೆಯವ್ರು" ಎಂದೆ. ಅವರ ನಡಿಗೆಯನ್ನೂ ನಡೆದು ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ನಿನ್ನ ಅಪ್ಪ ಅಯ್ಯಣ್ಣ ಕಾಕಾ ಮೂರನೇ ಸಾಲಿನಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ, ಭಾಗ್ಯ. ಮಗಳ ಗೆಳತಿ ನಗಿಸುವುದನ್ನು ನೋಡಬೇಕೆಂದು ಬಂದಿದ್ದರಂತೆ.

ನಿಮ್ಮೂರಿನವರು ನಗುತ್ತಲೇ ಅವರ ಕಡೆ ತಿರುಗಿದರು. ನಿನ್ನ ತಮ್ಮ ರೇವಣಸಿದ್ದ ಅವರ ತೋಳು ಹಿಡಿದು, "ನಡಿ ಯಪ್ಪಾ, ಮನಿಗೆ ಹೋಗೂನು" ಎಂದ. ಕಾಕಾ ಬಿಡಿಸಿಕೊಂಡು, ಮುಂದಿನ ಕುರ್ಚಿ ಹಿಡಿದು ನಿಂತರು.

"ಯವ್ವಾ, ನನ್ ಕಾಲು ಹಿಂಗ್ಯಾಕ ಆಗ್ಯಾವ, ನಿನಗ ಗೊತ್ತದೇನು?"

ಮೈಕು ಕೈಯಲ್ಲೇ ಇತ್ತು. "ನಿಮ್ಮ ಬೋರಿನ ನೀರ್ರಿ ಕಾಕಾ. ಎಲುಬು ಕೆಡಸೋ ಫ್ಲೋರೈಡ್ ಇರಬೇಕಾದ್ದಕ್ಕಿಂತ ಮೂರು ಪಟ್ಟು ಅದ. ಕುಡೀಬ್ಯಾಡ್ರಿ." ಸಂಕ್ರಾಂತಿಗೆ ನೀನು ಪರೀಕ್ಷೆಗೆಂದು ನನ್ನ ಕೈಗೆ ಕೊಟ್ಟು ಹೋಗಿದ್ದ ನೀರಿನ ಮಾತದು.

"ಯಾವಾಗ ಗೊತ್ತಾತು?"

"ಈ ವಾರ ರಿಪೋರ್ಟ್ ಬಂತ್ರಿ."

ಕಾಕಾ ಕಾಲು ಮುಂದೆ ಚಾಚಿ, ನಿಧಾನಕ್ಕೆ ಕೂತರು. "ಆತು. ಮುಂದ ನಗಸು" ಎಂದರು. ನನ್ನಿಂದ ಆಗಲಿಲ್ಲ. ಮೈಕು ಇಟ್ಟು ಇಳಿದುಬಿಟ್ಟೆ.

ಮರುದಿನ ಪ್ರಯೋಗಾಲಯ ತೆರೆಯುವ ಮೊದಲೇ ರೇವಣಸಿದ್ದ ಬಾಗಿಲಲ್ಲಿದ್ದ. ಚೀಲದಲ್ಲಿ ಹನ್ನೊಂದು ಮನೆಗಳ ಬೋರಿನ ನೀರು, ಬಾಟಲಿಗೊಂದು ಹೆಸರು. "ಯಪ್ಪ ಕಳಿಸ್ಯಾನ. ಲಗೂನ ನೋಡಿ ಹೇಳ್ರಿ" ಎಂದ. ಚಿಕ್ಕಂದಿನಿಂದ ನನ್ನನ್ನು ಅಕ್ಕಾ ಎಂದೇ ಕರೆದವನು.

ಏಳು ಬೋರಿನ ನೀರು ಕುಡಿಯುವಂಥದ್ದಲ್ಲ. ನಾನೇ ಅರಕೇರಾಕ್ಕೆ ಹೋಗಿ ಮನೆಮನೆಗೆ ಹೇಳಿ ಬಂದೆ. ಕಾಕಾ ಕಟ್ಟೆಯ ಮೇಲಿದ್ದರು. ಚಹಾ ಕುಡಿದು ಹೋಗು ಎಂದರು. ನಾನು ಕುಡಿದೆ, ಅವರ ಕಣ್ಣು ತಪ್ಪಿಸಿಕೊಂಡೇ ಕುಡಿದೆ.

ನೀನು ಬೈದರೂ ನಿನ್ನವಳೇ ಆದ,
ಕಹಕಶಾನ್

ಮರೆಯದೆ ಹೇಳಬೇಕಾದದ್ದು: ವರದಿ ಈ ವಾರ ಬಂದದ್ದಲ್ಲ. ನೀನು ನೀರು ಕೊಟ್ಟ ನಾಲ್ಕೇ ದಿನಕ್ಕೆ ಬಂದಿತ್ತು. ಇನ್ನೊಮ್ಮೆ ಪರೀಕ್ಷಿಸಿ ಹೇಳೋಣ ಎಂದರು ಮೇಲಿನವರು, ನಾನು ಹೂಂ ಎಂದೆ. ನಿನಗೊಂದು ಫೋನ್ ಮಾಡುವುದನ್ನು ಅವರೇನೂ ತಡೆದಿರಲಿಲ್ಲ. ಆದರೆ ಅಷ್ಟರಲ್ಲಿ ಕಾಕಾನ ನಡಿಗೆಯ ಮೇಲೆ ಬರೆಯಲು ಶುರು ಮಾಡಿದ್ದೆ. ನಿನಗೆ ತಿಳಿಸಿದ್ದರೆ ಅದು ನಗೆಯಾಗಿ ಉಳಿಯುತ್ತಿರಲಿಲ್ಲ. ಎಂಟು ತಿಂಗಳು ಅವರು ಆ ನೀರು ಕುಡಿದರು, ನಾನು ತಿದ್ದುತ್ತಾ ಕೂತೆ.