ಸೂರಿನ ಸಂದಿನಲ್ಲಿ ಗೂಬೆಮರಿ

ರೀ,

ಇವತ್ತು ಗಾರೆಯವರು ಬಂದರೆ ಹೊಸ ಮನೆಯ ಸೂರಿನ ಸಂದು ಮುಚ್ಚಿಸಬೇಡಿ. ಮಣ್ಣಿನ ಗೋಡೆಗೂ ನಾಡಹೆಂಚಿಗೂ ನಡುವೆ ಗಾಳಿಗೆಂದು ನಾನು ಬಿಡಿಸಿದ್ದೆನಲ್ಲ, ಅಲ್ಲಿ ಗೂಬೆ ಮರಿ ಮಾಡಿದೆ.

ನಿನ್ನೆ ಮಾವನವರಿಗೆ ಹೇಳಲು ಹೆದರಿದ್ದೆ; ಅಪಶಕುನವೆಂದು ಓಡಿಸುತ್ತಾರೆ ಅಂದುಕೊಂಡಿದ್ದೆ. ಅವರು ಏಣಿ ಹತ್ತಿ ಬಹಳ ಹೊತ್ತು ನೋಡಿದರು. ಇಳಿದು ಬಂದು, ಗೋಡೆಯ ಬುಡದಲ್ಲಿ ಬಿದ್ದಿದ್ದ ಇಲಿಯ ಮೂಳೆಗಳನ್ನು ಕಡ್ಡಿಯಿಂದ ಕೆದಕಿದರು.

“ತೆಂಗಿನ ಎಳಗಾಯಿ ಕೊರೆಯೋ ಇಲೀನೆಲ್ಲಾ ತಿಂದೈತೆ ಕಣವ್ವ. ಮರಿ ಹಾರೋಗಂಟ ಇರ್ಲಿ ಬುಡು” ಅಂದರು.

ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಆ ಸಂದು ಬೇಡವೆಂದು ನೀವು ಜಗಳವಾಡಿದ್ದನ್ನು ನಾನೀಗ ಎತ್ತುವುದಿಲ್ಲ.

ಮಾವನವರನ್ನು ತೋಟದಲ್ಲಿ ಹುಡುಕಬೇಡಿ. ಗೃಹಪ್ರವೇಶಕ್ಕೆ ಮರಿ ಹಾರಿದ ಮೇಲಿನ ಬೇರೆ ದಿನ ಕೇಳಲು ಅವರೇ ಬೆಳಗಿನ ಬಸ್ಸಿಗೆ ಮಾಯಸಂದ್ರದ ಜೋಯಿಸರ ಹತ್ತಿರ ಹೋಗಿದ್ದಾರೆ.

ಪದ್ಮಶ್ರೀ